ಹೊಸನಗರದ ಕಡೆ ಕರೆಂಟ್ ಕಾರು ತಗೊಂಡು ಬದುಕಬಹುದಾ?

ಅಡಿಕೆ ಅಂಗಳ (ಹೊಸನಗರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹದಿನೈದು ದಿನದಿಂದ ಇದೇ ಮಾತು. ಹಳೇ ಡೀಸೆಲ್ ಕಾರಿಗೆ ಹನ್ನೆರಡು ವರ್ಷ ಆಯಿತು. ಮಗ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ "ಅಪ್ಪಾ, ಎಲೆಕ್ಟ್ರಿಕ್ ತಗೊಳ್ಳಿ, ಹೊಗೆ ಇಲ್ಲ, ಖರ್ಚಿಲ್ಲ, ಪರಿಸರಕ್ಕೂ ಒಳ್ಳೇದು" ಅನ್ನುತ್ತಾನೆ. ಅವನ ಅಪಾರ್ಟ್‌ಮೆಂಟಿನ ಕೆಳಗೆ ಸಾಲಾಗಿ ಚಾರ್ಜರ್ ಹಾಕಿದ್ದಾರೆ, ಅಲ್ಲಿ ಕೂತು ಹೇಳುವುದು ಸುಲಭ. ನಮ್ಮ ಮನೆ ಪೇಟೆಯಿಂದ 12 ಕಿ.ಮೀ. ಒಳಗೆ. ಕೊನೆಯ ಎರಡು ಕಿ.ಮೀ. ಮಣ್ಣು ರಸ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ನೆಂಟರಿದ್ದ ಹಾಗೆ, ಬಂದರೆ ಬಂತು.

ನನ್ನ ಓಡಾಟ ಹೀಗಿದೆ. ವಾರಕ್ಕೆ ಎರಡು ಸಲ ಪೇಟೆ. ತಿಂಗಳಿಗೆ ಒಂದೋ ಎರಡೋ ಸಲ ಶಿವಮೊಗ್ಗ, ಅಡಿಕೆ ಮಂಡಿ ಕೆಲಸಕ್ಕೆ. ಮನೆಯವಳನ್ನು ಮೂರು ತಿಂಗಳಿಗೊಮ್ಮೆ ಹುಲಿಕಲ್ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಎಲ್ಲ ಸೇರಿದರೂ ವರ್ಷಕ್ಕೆ ಆರು ಸಾವಿರ ಕಿ.ಮೀ. ಆಸುಪಾಸು. ಉಳಿದ ದಿನ ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮಲಗಿರುತ್ತದೆ.

ಈ ಮನೆಯಲ್ಲಿ, ಈ ಲೈನಿನಲ್ಲಿ, ಈ ಮಳೆಯಲ್ಲಿ ಅದು ನಡೆಯುತ್ತದಾ ಅನ್ನುವುದು ಒಂದು ಅನುಮಾನ. ಇನ್ನೊಂದು, ಪರಿಸರಕ್ಕೆ ಒಳ್ಳೇದು ಅನ್ನುವುದು ಎಷ್ಟು ನಿಜ ಅಂತ. ಶೋರೂಮಿನ ಹುಡುಗನಿಗೆ ಏನು ಕೇಳಿದರೂ "ನೋ ಪ್ರಾಬ್ಲಮ್ ಸರ್" ಅಂದ. ನನಗೆ ಪ್ರಾಬ್ಲಮ್ ಏನು ಅಂತ ಹೇಳುವವರು ಬೇಕು.

ಡೀಸೆಲ್ ಜೀಪು (ಕೊಪ್ಪ)

ತಗೊಳ್ಳಿ ಸ್ವಾಮಿ. ಜೊತೆಗೆ ಒಂದು ಡೀಸೆಲ್ ಜನರೇಟರ್ ಕೂಡ ತಗೊಳ್ಳಿ. ಮಳೆಗಾಲದಲ್ಲಿ ಆ ಜನರೇಟರ್ ಹೊಗೆ ಬಿಟ್ಟು ನಿಮ್ಮ ಹೊಗೆ ಇಲ್ಲದ ಕಾರಿಗೆ ಚಾರ್ಜ್ ಹಾಕುತ್ತದೆ.

ತಮಾಷೆ ಬಿಡಿ. ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಆರು ದಿನ ಕರೆಂಟಿರಲಿಲ್ಲ. ಮರ ಬಿದ್ದು ನಾಲ್ಕು ಕಂಬ ಮುರಿದಿತ್ತು. ಲೈನ್‌ಮ್ಯಾನ್ ಪಾಪ ಒಬ್ಬನೇ, ಉಂಬಳ (ಜಿಗಣೆ) ಕಚ್ಚಿಸಿಕೊಂಡು ಕಾಡೊಳಗೆ ಲೈನು ಹುಡುಕುತ್ತಿದ್ದ. ಆಗ ಯಾರಿಗಾದರೂ ಎದೆ ನೋವು ಬಂದರೆ ಕಾರಿನಲ್ಲಿ ಎಷ್ಟು ಪರ್ಸೆಂಟ್ ಇದೆ ಅಂತ ನೋಡಿಕೊಂಡು ಕೂರುವುದಾ?

ತೀರ್ಥಹಳ್ಳಿ ತಿರುವು

ಜೀಪಿನವರು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಎರಡೂವರೆ ವರ್ಷದಿಂದ ಸಣ್ಣ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದೇನೆ, 24 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿ. 38 ಸಾವಿರ ಕಿ.ಮೀ. ಆಯಿತು. ವಾರಕ್ಕೆ ಎರಡು ಮೂರು ದಿನ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಕಂಪನಿ ಬೋರ್ಡಿನಲ್ಲಿ 315 ಕಿ.ಮೀ. ಅಂತ ಇತ್ತು. ಅದನ್ನು ಮರೆತುಬಿಡಿ. ನಮ್ಮ ಏರಿಳಿತದ ರಸ್ತೆಯಲ್ಲಿ 180 ಅಂದುಕೊಳ್ಳಿ, ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಮಳೆಯಲ್ಲಿ ಗಾಜಿಗೆ ಮಂಜು ಹಿಡಿಯುತ್ತದಲ್ಲ, ಎಸಿ ಹಾಕದೆ ಗತಿ ಇಲ್ಲ.

ಘಾಟಿ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಹೆದರುವುದು ಅದಕ್ಕೇ. ಹೋದ ವಾರ ಉಡುಪಿಗೆ ಹೋದಾಗ ಬರೆದಿಟ್ಟುಕೊಂಡೆ. ಮನೆ ಬಿಡುವಾಗ ಬ್ಯಾಟರಿ 100 ಪರ್ಸೆಂಟ್. ಆಗುಂಬೆ ಗೇಟಿನ ಹತ್ತಿರ 84. ಹದಿನಾಲ್ಕು ತಿರುವು ಇಳಿದು ಸೋಮೇಶ್ವರ ಮುಟ್ಟುವಾಗ 87. ಹೌದು, ಜಾಸ್ತಿಯಾಗಿತ್ತು. ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬುತ್ತದೆ, ಕಾಲು ಬ್ರೇಕಿನ ಮೇಲೆ ಇಡುವುದೇ ಕಡಿಮೆ. ಹಿಂದೆ ಬರುವ ಬಸ್ಸಿನ ಬ್ರೇಕ್ ಲೈನರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ನಮ್ಮ ಕಾರಿನದ್ದು ಏನೂ ಇಲ್ಲ. ವಾಪಸ್ ಹತ್ತುವಾಗ ಮಾತ್ರ 12 ಪರ್ಸೆಂಟ್ ಸೀದಾ ಇಳಿಯಿತು. ಸುಸ್ತಾಗದೆ ಹತ್ತುತ್ತದೆ, ಗೇರಿನ ತಲೆಬಿಸಿ ಇಲ್ಲ.

ಅಡಿಕೆ ಅಂಗಳದವರಿಗೆ ಒಂದು ಮಾತು. ಘಾಟಿಯ ತಲೆಯ ಮೇಲೇ ಮನೆ ಇರುವವರು ಫುಲ್ ಚಾರ್ಜ್ ಮಾಡಿ ಇಳಿಯಬಾರದು. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಹಾಕುತ್ತೀರಿ? ಆಗ ಆ ಮೋಟಾರ್ ಬ್ರೇಕು ಕೆಲಸ ಮಾಡುವುದಿಲ್ಲ, ಬರೀ ಕಾಲಿನ ಬ್ರೇಕೇ ಗತಿ. 90ಕ್ಕೆ ನಿಲ್ಲಿಸಿ ಹೊರಡಿ. ಇದನ್ನು ನನಗೆ ಶೋರೂಮಿನವರು ಹೇಳಲಿಲ್ಲ, ನಾನೇ ಒಂದು ಸಲ ಬೆವರಿ ಕಲಿತದ್ದು.

ಕರೆಂಟು ಹೋಗುವುದಕ್ಕೆ ನನ್ನ ಉಪಾಯ ಹಳೇದೇ. ಮೋಡ ಕಟ್ಟಿದರೆ ಚಾರ್ಜಿಗೆ ಹಾಕು. ನಮ್ಮಮ್ಮ ಮಳೆ ಬರುವ ಮೊದಲು ಕಟ್ಟಿಗೆ ಒಳಗೆ ಹಾಕುತ್ತಿದ್ದ ಹಾಗೆ. ಮಳೆಗಾಲದಲ್ಲಿ 60ರ ಕೆಳಗೆ ಇಳಿಸುವುದಿಲ್ಲ. ಪೇಟೆಗೆ ನಾಲ್ಕು ಸಲ ಹೋಗಿ ಬರಲು ಅದು ಸಾಕು.

ಡೀಸೆಲ್ ಜೀಪು

ದಾರಿಯಲ್ಲಿ ಮುಗಿದರೆ?

ತೀರ್ಥಹಳ್ಳಿ ತಿರುವು

ಒಂದು ಸಲ ಆಯಿತು ಮಾರಾಯ್ರೇ, ಮುಚ್ಚಿಡುವುದು ಯಾಕೆ. ರಾತ್ರಿ ಒಂಬತ್ತೂವರೆ. ಹೆದ್ದಾರಿ ಪಕ್ಕ ಒಂದು ಫಾಸ್ಟ್ ಚಾರ್ಜರ್. ಕಾರಿನಲ್ಲಿ 9 ಪರ್ಸೆಂಟ್. ಮೆಷಿನ್ ಸರಿ ಇತ್ತು, ಹಸಿರು ದೀಪ ಉರಿಯುತ್ತಿತ್ತು. ಆದರೆ ಅದು ಶುರುವಾಗಬೇಕಾದರೆ ಮೊಬೈಲಿನಲ್ಲಿ ಆ್ಯಪ್ ತೆರೆಯಬೇಕು, ದುಡ್ಡು ಹಾಕಬೇಕು, ಓಟಿಪಿ ಬರಬೇಕು. ನನ್ನ ಮೊಬೈಲಿಗೆ ಒಂದೇ ಒಂದು ಕಡ್ಡಿ ಸಿಗ್ನಲ್ಲು, ಅದೂ ರಸ್ತೆ ದಾಟಿ ಧರೆ (ರಸ್ತೆ ಬದಿಯ ದಿಬ್ಬ) ಹತ್ತಿ ನಿಂತರೆ. ಅಲ್ಲಿ ಓಟಿಪಿ ಬರುತ್ತದೆ. ಇಳಿದು ಮೆಷಿನ್ ಹತ್ತಿರ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮೂರು ಸಲ ಧರೆ ಹತ್ತಿ ಇಳಿದೆ. ಕೊನೆಗೆ ಪಕ್ಕದ ಹೋಟೆಲಿನವರು ಅವರ ವೈಫೈ ಕೊಟ್ಟರು. ಪೆಟ್ರೋಲ್ ಬಂಕಿನಲ್ಲಿ ಐನೂರರ ನೋಟು ಕೊಟ್ಟರೆ ಆಗುವ ಕೆಲಸ, ಅಲ್ವಾ?

ಮೂರು ಫೇಸು (ಸಾಗರ)

ನಾನು ವೈರಿಂಗ್ ಕೆಲಸದವನು, ಕಾರಿನ ಬಗ್ಗೆ ಮಾತಾಡುವುದಿಲ್ಲ. ಮನೆ ಬಗ್ಗೆ ಮಾತಾಡುತ್ತೇನೆ. ಕಾರು ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ, ಅರ್ತಿಂಗ್ ಹೇಗಿದೆ ಅಂತ ಒಬ್ಬರೂ ಕೇಳುವುದಿಲ್ಲ.

ಈ ವರ್ಷ ಕಾರ್ ಚಾರ್ಜರ್ ಪಾಯಿಂಟ್ ಹಾಕಲು ಏಳು ಮನೆಗೆ ಹೋದೆ. ಐದು ಮನೆಯಲ್ಲಿ ಅರ್ತಿಂಗ್ ಸತ್ತುಹೋಗಿತ್ತು. ಅದು ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ಹಾಕಿ ಸುಮ್ನೆ ಕೂರುತ್ತದೆ, ಕಾರಿನವರು ಚಾರ್ಜರ್ ಕೆಟ್ಟಿದೆ ಅಂತ ಕಂಪನಿಗೆ ಫೋನ್ ಮಾಡುತ್ತಾರೆ. ಒಂದು ಮನೆ, ಜಂಬಿಟ್ಟಿಗೆಯ ಹಳೇ ಮನೆ, ತುಂಬಾ ಚಂದ ಇಟ್ಟುಕೊಂಡಿದ್ದಾರೆ. ಮೀಟರ್ ಬೋರ್ಡಿನಿಂದ ಅರ್ತ್ ವೈರು ಹಿಡಿದುಕೊಂಡು ಹೋದೆ. ಗೋಡೆ ಇಳಿದು, ಬಚ್ಚಲ ಹಿಂದೆ ಹೋಗಿ, ದಾಸವಾಳ ಗಿಡದ ಬುಡದಲ್ಲಿ ಒಂದು ಪೈಪಿಗೆ ಸುತ್ತಿತ್ತು. ಪೈಪು ಹಿಡಿದು ಎಳೆದರೆ ಕೈಗೇ ಬಂತು, ಒಂದೂವರೆ ಅಡಿ. ಕೆಳಗೆ ಬರೀ ತುಕ್ಕು. ಯಾವ ಕಾಲದಲ್ಲಿ ಹೊಡೆದದ್ದೋ. ಆ ಮನೆಯಲ್ಲಿ ಫ್ರಿಜ್, ಗೀಸರ್ ಎಲ್ಲ ಇಷ್ಟು ವರ್ಷ ದೇವರ ದಯೆಯಿಂದ ನಡೆದಿದೆ.

ಹೊಸದಾಗಿ ಎಂಟಡಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ಪದರ ಪದರ ಹಾಕಿ ಮುಚ್ಚಿದೆವು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಹಿಡಿಯುವುದಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ ಅಂತ ಹೇಳಿ ಬಂದೆ. ಆಮೇಲೆ ಚಾರ್ಜರ್ ಹಸಿರು ತೋರಿಸಿತು.

ವೈರು ಬೇರೆಯೇ ಎಳೆಯಬೇಕು, ಮೀಟರಿನಿಂದ ನೇರ, 4 ಸ್ಕ್ವೇರ್ ಎಂಎಂ ತಾಮ್ರ, ಅದಕ್ಕೇ ಬೇರೆ ಎಂಸಿಬಿ (ಹೊರೆ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು). ಮಿಕ್ಸಿ ಹಾಕುವ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ರಾತ್ರಿಯಿಡೀ ಚಾರ್ಜ್ ಮಾಡಿದವರ ಸಾಕೆಟ್ ಬೆಲ್ಲದ ಹಾಗೆ ಕರಗಿದ್ದನ್ನು ನೋಡಿದ್ದೇನೆ. ಮಿಕ್ಸಿ ಐದು ನಿಮಿಷ ಓಡುತ್ತದೆ, ಕಾರು ಒಂಬತ್ತು ಗಂಟೆ ಎಳೆಯುತ್ತದೆ. ಇದು ನೆನಪಿರಲಿ.

ಅಡಿಕೆ ಅಂಗಳ

ನಮ್ಮಲ್ಲಿ ಸಂಜೆ ವೋಲ್ಟೇಜ್ ಬಿದ್ದುಹೋಗುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ನಮ್ಮ ಮನೆಯಿಂದ ಒಂದು ಕಿ.ಮೀ. ದೂರ. ದೊಡ್ಡ ಸ್ಟೆಬಿಲೈಸರ್ ಹಾಕಿದರೆ ಆಗುತ್ತದಾ?

ಮೂರು ಫೇಸು

ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ಸ್ಟೆಬಿಲೈಸರ್ ಕರೆಂಟು ಹುಟ್ಟಿಸುವುದಿಲ್ಲ. ವೋಲ್ಟೇಜ್ ಎತ್ತಬೇಕಾದರೆ ಅದು ಲೈನಿನಿಂದ ಇನ್ನೂ ಜಾಸ್ತಿ ಆಂಪ್ ಎಳೆಯಬೇಕು. ಎಳೆದಷ್ಟೂ ಲೈನು ಇನ್ನೂ ಕೆಳಗೆ ಬೀಳುತ್ತದೆ. ನಿಮ್ಮ ಕಾರಿಗೆ 220 ಬರುವಾಗ ಪಕ್ಕದ ಮನೆಯ ಬಲ್ಬು ಬುಡ್ಡಿ ದೀಪ ಆಗಿರುತ್ತದೆ. ಊರಲ್ಲಿ ಜಗಳ ಬೇಕಾ?

ಒಂದು ವಾರ ಒಂದು ಕೆಲಸ ಮಾಡಿ. ಮಲ್ಟಿಮೀಟರ್ ತಂದುಕೊಂಡು ರಾತ್ರಿ ಎಂಟಕ್ಕೆ, ಹನ್ನೊಂದಕ್ಕೆ, ಬೆಳಿಗ್ಗೆ ಐದಕ್ಕೆ ವೋಲ್ಟೇಜ್ ಬರೆದಿಡಿ. ಆ ಚೀಟಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ. ಪಂಪ್‌ಸೆಟ್ಟಿನ ಲೈನಿನಿಂದ ಕಾರಿಗೆ ಎಳೆಯುವ ಯೋಚನೆ ಯಾರಿಗಾದರೂ ಬಂದಿದ್ದರೆ ಈಗಲೇ ಬಿಟ್ಟುಬಿಡಿ. ಅದು ತೋಟಕ್ಕೆ ಕೊಟ್ಟ ಪುಕ್ಕಟೆ ಕರೆಂಟು, ಸಿಕ್ಕಿಬಿದ್ದರೆ ದಂಡ.

ಲೆಕ್ಕದ ಪುಸ್ತಕ (ಶಿವಮೊಗ್ಗ)

ಪರಿಸರಕ್ಕೆ ಒಳ್ಳೇದಾ ಅನ್ನುವ ಎರಡನೇ ಅನುಮಾನಕ್ಕೆ ಯಾರೂ ಕೈ ಹಾಕಿಲ್ಲ. ನಾನು ಹಾಕುತ್ತೇನೆ. ಕಾಗದ ಪೆನ್ನು ಹಿಡಿದುಕೊಳ್ಳಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈ ಆಕ್ಸೈಡ್. ನಮ್ಮ ರಸ್ತೆಯಲ್ಲಿ ಲೀಟರಿಗೆ 16 ಕಿ.ಮೀ. ಕೊಡುವ ಕಾರಾದರೆ ಕಿ.ಮೀ.ಗೆ 144 ಗ್ರಾಂ. ಎಣ್ಣೆ ತೆಗೆದು, ಶುದ್ಧ ಮಾಡಿ, ಟ್ಯಾಂಕರಿನಲ್ಲಿ ತರುವುದಕ್ಕೆ ಇನ್ನೊಂದು ಐದನೇ ಒಂದು ಪಾಲು ಸೇರಿಸಿ. ಸುಮಾರು 170 ಗ್ರಾಂ.

ಎಲೆಕ್ಟ್ರಿಕ್ ಕಾರಿಗೆ ಕೊಳವೆ ಇಲ್ಲ, ಹೊಗೆ ಇಲ್ಲ. ಹೊಗೆ ಇರುವುದು ಕಲ್ಲಿದ್ದಲು ಉರಿಸಿ ಕರೆಂಟು ಮಾಡುವ ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿ ಸ್ಥಾವರದಲ್ಲಿ. ದೇಶದ ಎಲ್ಲ ಕರೆಂಟನ್ನೂ ಸರಾಸರಿ ಮಾಡಿದರೆ ಯೂನಿಟ್‌ಗೆ ಸುಮಾರು 0.7 ಕೆಜಿ ಬರುತ್ತದೆ. ಸಣ್ಣ ಕಾರು ಕಿ.ಮೀ.ಗೆ 0.14 ಯೂನಿಟ್ ತಿನ್ನುತ್ತದೆ. ಲೈನಿನಲ್ಲಿ ಸೋರುವುದನ್ನೂ ಹಿಡಿದರೆ 115 ಗ್ರಾಂ ಆಸುಪಾಸು. ಅಂದರೆ ಕಿ.ಮೀ.ಗೆ 55 ಗ್ರಾಂ ಲಾಭ. ಸೊನ್ನೆ ಅಂತೂ ಅಲ್ಲ, ಆದರೆ ಜಾಹೀರಾತಿನಲ್ಲಿ ತೋರಿಸುವ ಹಸಿರು ಎಲೆಯಷ್ಟೂ ಅಲ್ಲ.

ಈಗ ಸಾಲದ ಕಡೆ ನೋಡಿ. ಬ್ಯಾಟರಿ ಮಾಡುವಾಗಲೇ ಒಂದು ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆಜಿ ಹೊಗೆ ಹೋಗಿರುತ್ತದೆ. ಮಧ್ಯದ 80 ಹಿಡಿದರೆ, 30 ಯೂನಿಟ್ ಬ್ಯಾಟರಿಗೆ 2,400 ಕೆಜಿ. ಶೋರೂಮಿನಿಂದ ಕಾರು ಹೊರಗೆ ಬರುವಾಗಲೇ ಇಷ್ಟು ಸಾಲ ತಲೆ ಮೇಲಿದೆ. ಕಿ.ಮೀ.ಗೆ 55 ಗ್ರಾಂನ ಹಾಗೆ ತೀರಿಸಬೇಕಾದರೆ ಹೆಚ್ಚುಕಡಿಮೆ 45 ಸಾವಿರ ಕಿ.ಮೀ. ಓಡಬೇಕು.

ತೀರ್ಥಹಳ್ಳಿ ತಿರುವು ಅವರದ್ದು ಇನ್ನೂ ಸಣ್ಣ ಬ್ಯಾಟರಿ, 38 ಸಾವಿರ ಓಡಿಸಿದ್ದಾರೆ, ಅವರ ಸಾಲ ತೀರಿಹೋಗಿದೆ. ಅಡಿಕೆ ಅಂಗಳದವರೇ, ನೀವು ವರ್ಷಕ್ಕೆ ಆರು ಸಾವಿರದವರು. ನಿಮಗೆ ಏಳೂವರೆ ವರ್ಷ ಬೇಕು. ಹೆಚ್ಚಿನ ಕಂಪನಿಗಳ ಬ್ಯಾಟರಿ ವಾರಂಟಿ 8 ವರ್ಷ. ಸಾಲ ತೀರುವುದಕ್ಕೂ ವಾರಂಟಿ ಮುಗಿಯುವುದಕ್ಕೂ ಸರಿಹೋಯಿತು.

ನನಗೆ ಈ ವಾದದಲ್ಲಿ ಸಿಟ್ಟು ಬರುವುದು ಇಲ್ಲೇ. ಎಲೆಕ್ಟ್ರಿಕ್ ಒಳ್ಳೇದಾ ಕೆಟ್ಟದ್ದಾ ಅಂತ ಎಲ್ಲರೂ ಕಾರನ್ನು ನೋಡಿ ಕೇಳುತ್ತಾರೆ. ಅದು ಓಡಿಸುವವನ ಮೇಲೆ ಹೋಗುತ್ತದೆ. ದಿನಾ ನೂರು ಕಿ.ಮೀ. ಓಡುವ ಟ್ಯಾಕ್ಸಿಗೆ ಅದು ಸೊಗಸಾದ ಗಾಡಿ. ಶೆಡ್ಡಿನಲ್ಲಿ ಮಲಗುವ ಕಾರಿನಲ್ಲಿ ಅದು 2,400 ಕೆಜಿಯ ಮಲಗಿದ ಸಾಲ.

ಊರಿಗೆ ಬಂದವ

ಲೆಕ್ಕ ಚೆನ್ನಾಗಿದೆ ಸಾರ್, ಆದರೆ ನೀವು ಇಡೀ ದೇಶದ ಸರಾಸರಿ ಯಾಕೆ ತಗೊಂಡಿರಿ? ನಾವಿರುವುದು ಶಿವಮೊಗ್ಗ ಜಿಲ್ಲೆಯಲ್ಲಿ. ಜೋಗದಲ್ಲಿ 1948ರಿಂದ ಕರೆಂಟು ಬರುತ್ತಿದೆ. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ವಾರಾಹಿ 460. ನಮ್ಮ ಕರೆಂಟು ನೀರಿನದು. ರಾಯಚೂರಿನ ಕಲ್ಲಿದ್ದಲಿಗೂ ನಮಗೂ ಏನು ಸಂಬಂಧ? ನಮ್ಮೂರಲ್ಲಿ ಎಲೆಕ್ಟ್ರಿಕ್ ಓಡಿಸಿದರೆ ಅದು ನಿಜವಾಗಿಯೂ ಶುದ್ಧ.

ಹಿನ್ನೀರು (ಸಾಗರ ತಾಲೂಕು)

"ನಮ್ಮ ಕರೆಂಟು ನೀರಿನದು." ಸರಿ. ಆ ನೀರಿನ ಅಡಿಯಲ್ಲಿ ಏನಿದೆ ಅಂತ ಗೊತ್ತಾ ತಮ್ಮಾ? ನಮ್ಮ ಅಜ್ಜನ ಮನೆ ಇದೆ. ಮನೆ, ಗದ್ದೆ, ದೇವಸ್ಥಾನ, ಅಜ್ಜಿ ನೆಟ್ಟ ಹಲಸಿನ ಮರ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು, ನಮ್ಮವರು ಲಾರಿಯಲ್ಲಿ ದನಕರು ತುಂಬಿಕೊಂಡು ಹೋದರು. ಬೇಸಿಗೆಯಲ್ಲಿ ನೀರು ತುಂಬಾ ಇಳಿದಾಗ ನಮ್ಮಪ್ಪ ಇವತ್ತಿಗೂ ಹೋಗಿ ಬಾವಿ ಕಟ್ಟೆ ಕಾಣುತ್ತದಾ ಅಂತ ನೋಡಿ ಬರುತ್ತಾರೆ. ಮುಳುಗಡೆಯವರಲ್ಲಿ ಇನ್ನೂ ಎಷ್ಟೋ ಮನೆಗೆ ಭೂಮಿಯ ಹಕ್ಕುಪತ್ರ ಆಗಿಲ್ಲ. ಹಿನ್ನೀರಿನ ಆಚೆ ದಡದ ಜನ ಅರವತ್ತು ವರ್ಷ ಲಾಂಚ್ ಕಾದು ಬದುಕಿದರು, ಸಿಗಂದೂರು ಸೇತುವೆ ಆದದ್ದು 2025ರ ಜುಲೈನಲ್ಲಿ. ಶುದ್ಧ ಅನ್ನುವ ಮಾತು ನಮ್ಮ ಮನೆಯಲ್ಲಿ ಸ್ವಲ್ಪ ಮೆತ್ತಗೆ ಹೇಳಬೇಕು.

ಇನ್ನೊಂದು. ಕರೆಂಟಿಗೆ ಊರಿನ ಹೆಸರು ಬರೆದಿರುವುದಿಲ್ಲ. ಶರಾವತಿಯದ್ದೂ ರಾಯಚೂರಿನದ್ದೂ ಪಾವಗಡದ ಸೋಲಾರೂ ಕೈಗಾದ ಅಣು ವಿದ್ಯುತ್ತೂ ಒಂದೇ ಜಾಲಕ್ಕೆ ಹೋಗುತ್ತದೆ. ನೀವು ರಾತ್ರಿ ಕಾರು ಚುಚ್ಚಿದರೆ ಶರಾವತಿ ನಿಮಗೋಸ್ಕರ ಎರಡು ಹನಿ ಜಾಸ್ತಿ ಬೀಳುವುದಿಲ್ಲ. ನೀರು ಇರುವಷ್ಟೇ ಇರುವುದು. ಜಾಸ್ತಿ ಬೇಕಾದದ್ದನ್ನು ಬೇರೆ ಎಲ್ಲೋ ಉರಿಸಿ ಕೊಡುತ್ತಾರೆ.

ಊರಿಗೆ ಬಂದವ

ಮನೆ ವಿಷಯ ಗೊತ್ತಿರಲಿಲ್ಲ ಅಣ್ಣಾ, ತಪ್ಪು ತಿಳಿಯಬೇಡಿ. ಒಂದೇ ಜಾಲ ಅನ್ನುವುದನ್ನೂ ಒಪ್ಪಿದೆ. ಆದರೆ ಆ ಜಾಲ ವರ್ಷ ವರ್ಷ ಬದಲಾಗುತ್ತಿದೆ ಅಲ್ವಾ? ಪಾವಗಡದಲ್ಲೇ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಬಿಸಿಲಿರುವಾಗ ಚಾರ್ಜ್ ಮಾಡಿದರೆ ಹೊಗೆ ಕಡಿಮೆ. ಪೆಟ್ರೋಲ್ ಕಾರು ಹತ್ತು ವರ್ಷ ಆದಮೇಲೂ ಅಷ್ಟೇ ಹೊಗೆ ಬಿಡುತ್ತದೆ, ಇನ್ನೂ ಜಾಸ್ತಿ ಬಿಟ್ಟೀತು. ಎಲೆಕ್ಟ್ರಿಕ್ ಕಾರು ಹಳೇದಾದಷ್ಟೂ ಅದಕ್ಕೆ ಸಿಗುವ ಕರೆಂಟು ಶುದ್ಧವಾಗುತ್ತಾ ಹೋಗುತ್ತದೆ. ಲೆಕ್ಕದ ಪುಸ್ತಕದವರು ಇದನ್ನು ಸೇರಿಸಿಲ್ಲ.

ಲೆಕ್ಕದ ಪುಸ್ತಕ

ಸೇರಿಸಿಲ್ಲ, ಒಪ್ಪಿದೆ. ಸೇರಿಸಿದರೆ 45 ಸಾವಿರ ಇಳಿಯುತ್ತದೆ. ಅರ್ಧವಂತೂ ಆಗುವುದಿಲ್ಲ.

ಹಿನ್ನೀರು

ಬಿಸಿಲಿನ ಕರೆಂಟು ರಾತ್ರಿಗೆ ಬೇಕಾದರೆ ಎಲ್ಲೋ ಕೂಡಿಡಬೇಕು. ಎಲ್ಲಿ ಕೂಡಿಡುತ್ತಾರೆ ಹೇಳಿ? ಮತ್ತೆ ನಮ್ಮಲ್ಲೇ. ತಳಕಳಲೆ ಅಣೆಕಟ್ಟೆಯ ನೀರನ್ನು ಕೆಳಗಿನ ಗೇರುಸೊಪ್ಪೆ ಅಣೆಕಟ್ಟೆಗೆ ಬಿಟ್ಟು, ವಾಪಸ್ ಮೇಲಕ್ಕೆ ಪಂಪು ಮಾಡುವ ಯೋಜನೆ, 2,000 ಮೆಗಾವ್ಯಾಟಿನದ್ದು. ಸಿಂಗಳೀಕಗಳ ಅಭಯಾರಣ್ಯದ ಒಳಗೆ ಸುರಂಗ. ಪಂಪು ಮಾಡಲು ತಿನ್ನುವ ಕರೆಂಟು ಅದು ಕೊಡುವುದಕ್ಕಿಂತ ಜಾಸ್ತಿ, ಅದು ಗೊತ್ತಿದ್ದೇ ಮಾಡುವುದು. ನಗರದಲ್ಲಿ ಕರೆಂಟ್ ಕಾರಿಗೆ ಹಸಿರು ನಂಬರ್ ಪ್ಲೇಟು, ಇಲ್ಲಿ ಕಡಿಯುವ ಮರಕ್ಕೆ ನಂಬರು.

ತೀರ್ಥಹಳ್ಳಿ ತಿರುವು

ಆ ಯೋಜನೆಗೆ ನನ್ನದೂ ವಿರೋಧ ಇದೆ, ಮೆರವಣಿಗೆಗೆ ಬಂದಿದ್ದೆ. ಆದರೆ ಅದನ್ನು ಪೂರ್ತಿ ಕಾರಿನ ತಲೆಗೆ ಕಟ್ಟಬೇಡಿ. ರಾಜ್ಯದ ಕರೆಂಟಿನಲ್ಲಿ ಕಾರುಗಳು ತಿನ್ನುವುದು ಚೂರು. ಕಾರ್ಖಾನೆ, ಎಸಿ, ಪಂಪ್‌ಸೆಟ್ಟು, ಅವು ತಿನ್ನುವುದೇ ದೊಡ್ಡದು. ನಮ್ಮ ಮನೆಯ ಕರೆಂಟೂ ಅದರಲ್ಲೇ ಬಂತು. ಪೆಟ್ರೋಲ್ ಎಲ್ಲಿಂದ ಬರುತ್ತದೆ, ಅಲ್ಲಿ ಯಾರ ಬಾವಿ ಕಟ್ಟೆ ಹೋಯಿತು ಅಂತ ನಾವು ಯಾವತ್ತೂ ಕೇಳಲೇ ಇಲ್ಲ.

ಡೀಸೆಲ್ ಜೀಪು

ಬಾವಿ ಕಟ್ಟೆ ಹೋದ ಮಾತು ಬಂತು, ಹಾಗಾದರೆ ಬ್ಯಾಟರಿಗೆ ಬೇಕಾದ ಗಣಿ ಮಾತೂ ಆಡೋಣ. ನಮ್ಮ ಕಡೆಯವರಿಗೆ ಗಣಿ ಅಂದರೆ ಏನು ಅಂತ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಕುದುರೆಮುಖದಲ್ಲಿ ಗುಡ್ಡ ಕೊರೆದು, ಅದಿರು ಪುಡಿ ಮಾಡಿ, ನೀರಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದದ್ದು ಕಣ್ಣಾರೆ ಕಂಡವನು ನಾನು. 2005ರ ಕೊನೆಗೆ ನಿಂತಿತು, ಕೋರ್ಟಿನ ಆದೇಶದಿಂದ. ಈಗ ಲಿಥಿಯಂ, ಕೋಬಾಲ್ಟ್ ಅಂತ ಬೇರೆ ಯಾರದೋ ಗುಡ್ಡ ಕೊರೆಯುತ್ತಾರೆ. ಕಾಂಗೋದಲ್ಲಿ ಮಕ್ಕಳು ಗುಂಡಿಗೆ ಇಳಿಯುತ್ತಾರಂತೆ. ಅಲ್ಲಿ ಕೆಂಪಾದ ಹೊಳೆ ನಮಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ತೀರ್ಥಹಳ್ಳಿ ತಿರುವು

ಕೋಬಾಲ್ಟ್ ವಿಷಯ ಹಳೇದಾಯಿತು ಗೌಡ್ರೇ. ಇಲ್ಲಿ ಮಾರುವ ಸಣ್ಣ ಕಾರುಗಳಲ್ಲಿ ಹೆಚ್ಚಿನದಕ್ಕೆ ಈಗ ಎಲ್‌ಎಫ್‌ಪಿ ಬ್ಯಾಟರಿ. ಕಬ್ಬಿಣ, ರಂಜಕ, ಲಿಥಿಯಂ. ಅದರಲ್ಲಿ ಕೋಬಾಲ್ಟೂ ಇಲ್ಲ ನಿಕ್ಕೆಲ್ಲೂ ಇಲ್ಲ. ಲಿಥಿಯಂ ಬೇಕೇ ಬೇಕು, ಅದಕ್ಕೆ ಗಣಿಯೂ ಬೇಕು. ಆದರೆ ಅದು ಒಂದು ಸಲ ತೆಗೆದರೆ ಕಾರಿನಲ್ಲೇ ಇರುತ್ತದೆ. ಪೆಟ್ರೋಲ್ ಹಾಗಲ್ಲ, ಪ್ರತಿ ವಾರ ಹೊಸದು ತೆಗೆದು ಸುಡಬೇಕು.

ಡೀಸೆಲ್ ಜೀಪು

ಕಾರಿನಲ್ಲೇ ಇರುತ್ತದೆ ಸರಿ, ಕಾರು ಸತ್ತ ಮೇಲೆ? ಇನ್ವರ್ಟರ್ ಬ್ಯಾಟರಿ ಸತ್ತರೆ ಗುಜರಿಯವನು ಮನೆ ಬಾಗಿಲಿಗೆ ಬಂದು ತೂಕ ಮಾಡಿ ದುಡ್ಡು ಕೊಟ್ಟು ಹೋಗುತ್ತಾನೆ. ಇನ್ನೂರು ಕೆಜಿಯ ಲಿಥಿಯಂ ಬ್ಯಾಟರಿ ಯಾವ ಗುಜರಿಯವನು ಹೊರುತ್ತಾನೆ?

ಲೆಕ್ಕದ ಪುಸ್ತಕ

ಕಾನೂನು 2022ರಲ್ಲೇ ಬಂದಿದೆ. ಬ್ಯಾಟರಿ ಮಾಡಿದವರೇ ವಾಪಸ್ ತಗೊಂಡು ಮರುಬಳಕೆಗೆ ಕಳಿಸಬೇಕು ಅಂತ. ಕಾಗದದಲ್ಲಿದೆ. ರಿಪ್ಪನ್‌ಪೇಟೆಗೆ ಬಂದು ಹೊತ್ತುಕೊಂಡು ಹೋಗುತ್ತಾರಾ ಅನ್ನುವುದನ್ನು ಮೊದಲ ಬ್ಯಾಟರಿಗಳು ಸಾಯುವವರೆಗೆ ಕಾದು ನೋಡಬೇಕು.

ಗಾಂಧಿಬಜಾರ್ (ಶಿವಮೊಗ್ಗ)

ನೀವೆಲ್ಲ ಕಾರು ಕಾರು ಅಂತ ಹೊಡೆದಾಡುತ್ತಿದ್ದೀರಿ. ನಾನು ಮೂರು ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರು ಓಡಿಸುತ್ತಿದ್ದೇನೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಾರ್ಕೆಟ್ಟಿಗೆ. ಮೊಬೈಲ್ ಚುಚ್ಚಿದ ಹಾಗೆ ಚುಚ್ಚುತ್ತೇನೆ. ಅರ್ತಿಂಗ್ ರಾಮಾಯಣ ಯಾವುದೂ ಇಲ್ಲ.

ಮೂರು ಫೇಸು

ಅರ್ತಿಂಗ್ ಸ್ಕೂಟರಿಗೂ ಬೇಕು. ಅದು ಕೇಳುವುದಿಲ್ಲ ಅಷ್ಟೇ.

ಗಾಂಧಿಬಜಾರ್

ಹೆದರಿಸಬೇಡಿ ಮಾರಾಯ್ರೇ. ಮತ್ತೆ, ಬೆಂಗಳೂರಿಗೆ ಹೋಗಬೇಕಾದರೆ ಕೆಎಸ್‌ಆರ್‌ಟಿಸಿಯ ಕರೆಂಟ್ ಬಸ್ಸು ಬಂದಿದೆ. ನಾನು ಹೋಗಿ ಬಂದೆ. ಸದ್ದೇ ಇಲ್ಲ, ಮುಂದಿನ ಸೀಟಿನವರು ಫೋನಿನಲ್ಲಿ ಮಾತಾಡಿದ ಸಂಸಾರದ ಗುಟ್ಟೆಲ್ಲ ಕೇಳಿಸಿತು. ಒಂದು ಬ್ಯಾಟರಿ, ನಲವತ್ತು ಜನ, ದಿನಾ ಓಟ. ಲೆಕ್ಕದ ಪುಸ್ತಕದವರ ಸಾಲ ಬೇಗ ತೀರುವುದು ಅಲ್ಲೇ ಅಲ್ವಾ?

ಲೆಕ್ಕದ ಪುಸ್ತಕ

ಅಲ್ಲೇ. ಇಡೀ ಚರ್ಚೆಯಲ್ಲಿ ಸರಿಯಾದ ಮಾತು ಹೇಳಿದವರು ನೀವೊಬ್ಬರೇ.

ಅಡಿಕೆ ಅಂಗಳ

ನಮ್ಮೂರಿಗೆ ಬರುವುದು ದಿನಕ್ಕೆ ಎರಡು ಬಸ್ಸು, ಅದೂ ಮಳೆ ಜಾಸ್ತಿಯಾದರೆ ಹಿಂದಿನ ಊರಿನಲ್ಲೇ ತಿರುಗಿಸಿಕೊಂಡು ಹೋಗುತ್ತದೆ. ಹಾಗಾಗಿ ಕಾರು ಬೇಕು.

ದುಡ್ಡಿನ ಲೆಕ್ಕ ಯಾರಾದರೂ ಹೇಳಿ. ಗೃಹಜ್ಯೋತಿಯಲ್ಲಿ ನಮಗೆ ಈಗ ಬಿಲ್ಲು ಸೊನ್ನೆ.

ಲೆಕ್ಕದ ಪುಸ್ತಕ

ಆ ಸೊನ್ನೆಗೇ ಮೊದಲ ಪೆಟ್ಟು. ಗೃಹಜ್ಯೋತಿಯಲ್ಲಿ ನಿಮಗೆ ಪುಕ್ಕಟೆ ಸಿಗುವುದು 2022–23ರ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪರ್ಸೆಂಟ್. ನಿಮ್ಮ ಸರಾಸರಿ 90 ಯೂನಿಟ್ ಇತ್ತು ಅಂದುಕೊಳ್ಳಿ, 99ರವರೆಗೆ ಸೊನ್ನೆ. ಕಾರಿಗೆ ತಿಂಗಳಿಗೆ 70 ಯೂನಿಟ್ ಬೇಕು. ಆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. ಎಲ್ಲ ಸೇರಿ 200 ದಾಟಿದರಂತೂ ಪೂರ್ತಿ ಬಿಲ್ಲು ನಿಮ್ಮದೇ. ಮಗ ಸಂಸಾರ ಸಮೇತ ಬಂದು ಗೀಸರ್ ಹಾಕಿದ ತಿಂಗಳು ದಾಟಿಯೇ ದಾಟುತ್ತದೆ.

ಹಾಗಿದ್ದರೂ ಕರೆಂಟು ಅಗ್ಗ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಕಿ.ಮೀ.ಗೆ ಒಂದು ರೂಪಾಯಿ. ಪೆಟ್ರೋಲ್ ಲೀಟರಿಗೆ 103 ಅಂದರೆ ಕಿ.ಮೀ.ಗೆ ಆರೂವರೆ. ಆರು ಸಾವಿರ ಕಿ.ಮೀ.ಗೆ ವರ್ಷಕ್ಕೆ 33 ಸಾವಿರ ಉಳಿಯುತ್ತದೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಮೂರು ಲಕ್ಷ ಜಾಸ್ತಿ ಇದ್ದರೆ ಒಂಬತ್ತು ವರ್ಷ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿದರು, ಎಲೆಕ್ಟ್ರಿಕ್‌ಗೆ ಮೊದಲಿನ 5 ಹಾಗೇ ಇದೆ. ಹಾಗಾಗಿ ಅಂತರ ಇನ್ನೂ ಹಿಗ್ಗಿತು.

ನನ್ನ ಕೇಳಿದರೆ ನಿಮ್ಮ ಹಳೇ ಡೀಸೆಲ್ ಕಾರನ್ನೇ ಇನ್ನು ಮೂರು ವರ್ಷ ಓಡಿಸಿ. ಯಾವ ಹೊಸ ಕಾರೂ ಹುಟ್ಟುವಾಗ ಕೆಲವು ಟನ್ ಹೊಗೆ ಬಿಟ್ಟೇ ಹುಟ್ಟುವುದು. ನಿಮ್ಮ ಹಳೇದು ವರ್ಷಕ್ಕೆ ಒಂದು ಟನ್‌ಗಿಂತ ಕಡಿಮೆ.

ತೀರ್ಥಹಳ್ಳಿ ತಿರುವು

ಕಾರ್ಬನ್ ಲೆಕ್ಕಕ್ಕೆ ಅದು ಸರಿ. ಆದರೆ ಹನ್ನೆರಡು ವರ್ಷದ ಡೀಸೆಲ್ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅಂಗಳಕ್ಕೆ ಬಿಡುವ ಕಪ್ಪು ಹೊಗೆಯನ್ನು ಯಾವ ಪುಸ್ತಕದಲ್ಲಿ ಬರೆಯುತ್ತೀರಿ? ಅದು ರಾಯಚೂರಿಗೆ ಹೋಗುವುದಿಲ್ಲ, ಮನೆಯವರ ಮೂಗಿಗೇ ಹೋಗುತ್ತದೆ. ಅವರ ಮನೆಯಾಕೆಯನ್ನು ಮಣಿಪಾಲಕ್ಕೆ ಯಾಕೆ ಕರೆದುಕೊಂಡು ಹೋಗುತ್ತಾರೋ ನನಗೆ ಗೊತ್ತಿಲ್ಲ, ಉಸಿರಾಟದ ತೊಂದರೆ ಇದ್ದರೆ ಈ ಲೆಕ್ಕವೆಲ್ಲ ಪಕ್ಕಕ್ಕಿಡಿ.

ಅಡಿಕೆ ಅಂಗಳ

ಮಂಡಿ ನೋವು. ಉಸಿರಾಟ ಚೆನ್ನಾಗಿದೆ, ನನ್ನ ಮೇಲೆ ಕೂಗಾಡುವಷ್ಟು ಇದೆ.

ಮೂರು ಫೇಸು

ಸೋಲಾರ್ ಹಾಕಿಸಿಕೊಂಡು ಚಾರ್ಜ್ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು. 3 ಕಿಲೋವ್ಯಾಟ್‌ಗೆ ಕೇಂದ್ರದ 78 ಸಾವಿರ ಸಬ್ಸಿಡಿ ಇದೆ, ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಸಿಗುತ್ತದೆ, ಚೆನ್ನಾಗಿದೆ. ಆದರೆ ಸಬ್ಸಿಡಿಯದ್ದು ಗ್ರಿಡ್ಡಿಗೆ ಜೋಡಿಸಿದ್ದು. ಲೈನು ಹೋದರೆ ಅದೂ ನಿಲ್ಲುತ್ತದೆ, ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಿಸಿಲೂ ಇಲ್ಲ ಲೈನೂ ಇಲ್ಲ. ಅದು ಬಿಲ್ಲಿಗೆ ಔಷಧಿ, ಕತ್ತಲಿಗಲ್ಲ.

ಮತ್ತೆ ಶೆಡ್ಡಿನಲ್ಲಿ ಇಲಿ ಇದೆಯಾ ನೋಡಿಕೊಳ್ಳಿ. ಅಡಿಕೆ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದಾ. ಸಾಗರದಲ್ಲಿ ಒಬ್ಬರ ಎಲೆಕ್ಟ್ರಿಕ್ ಕಾರು ತಿಂಗಳು ನಿಂತಿತ್ತು, ಬಾನೆಟ್ ಒಳಗೆ ವೈರು ಕಡಿದು ಗೂಡು ಕಟ್ಟಿತ್ತು. ಪೆಟ್ರೋಲ್ ಕಾರಾದರೆ ನಮ್ಮ ಮೆಕ್ಯಾನಿಕ್ ಟೇಪು ಸುತ್ತಿ ಕೊಡುತ್ತಿದ್ದ. ಇದಕ್ಕೆ ಯಾರೂ ಕೈ ಹಾಕಲಿಲ್ಲ, ಲಾರಿ ಮೇಲೆ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು.

ಅಡಿಕೆ ಅಂಗಳ (ಹತ್ತು ದಿನದ ನಂತರ)

ಚೀಟಿ ಇಲ್ಲಿದೆ. ಏಳು ದಿನ ಬರೆದೆ. ರಾತ್ರಿ ಎಂಟಕ್ಕೆ 168 ವೋಲ್ಟ್, ಒಂದು ದಿನ 161ಕ್ಕೂ ಇಳಿದಿತ್ತು. ಹನ್ನೊಂದಕ್ಕೆ 196. ಬೆಳಿಗ್ಗೆ ಐದಕ್ಕೆ 221. ಎರಡು ದಿನದ ಜಾಗ ಖಾಲಿ, ಕರೆಂಟಿರಲಿಲ್ಲ. ಮನೆಯವಳು, ಕಾಫಿಗೆ ಹಾಲು ಕಾಯಿಸುವ ಹೊತ್ತಿಗೆ ಎದ್ದು ಗೋಡೆಗೆ ಸೂಜಿ ಚುಚ್ಚುತ್ತಿದ್ದೀರಲ್ಲ, ಏನಾಗಿದೆ ನಿಮಗೆ ಅಂದಳು.

ಅರ್ತ್ ವೈರನ್ನೂ ಹಿಡಿದು ನೋಡಿದೆ. ಮೂರು ಫೇಸಿನವರೇ, ನಮ್ಮದು ಪೈಪಿಗೂ ಹೋಗಿಲ್ಲ. ಗೋಡೆಯ ಒಳಗೆ ಹೋಗಿ ಮಾಯ.

ಮೂರು ಫೇಸು

161ಕ್ಕೆ ಚಾರ್ಜರ್ ನಿಂತುಬಿಡುತ್ತದೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಟೈಮರ್ ಹಾಕಿದರೆ ನಡೆಯುತ್ತದೆ. ಒಂದು ಕಾರಿಗೆ ನಡೆಯುತ್ತದೆ. ಊರಿನಲ್ಲಿ ಎರಡನೇ ಕಾರು ಬಂದ ದಿನ ಆ 196 ಇರುವುದಿಲ್ಲ. ಕಾರು ಆಮೇಲೆ, ಟಿಸಿ ಮೊದಲು. ಅರ್ತಿಂಗ್ ಎಲ್ಲಕ್ಕಿಂತ ಮೊದಲು, ಕಾರು ತಗೊಳ್ಳದಿದ್ದರೂ. ಈ ಭಾನುವಾರ ನಿಟ್ಟೂರಿಗೆ ಬರುವವನಿದ್ದೇನೆ, ಬಂದು ನೋಡುತ್ತೇನೆ.

ಅಡಿಕೆ ಅಂಗಳ

ಬನ್ನಿ, ಊಟಕ್ಕೆ ನಮ್ಮಲ್ಲೇ. ಹಳೇ ಕಾರಿಗೆ ಕ್ಲಚ್ ಪ್ಲೇಟ್ ಹಾಕಿಸಿದೆ, ಮೂರು ವರ್ಷ ಓಡುತ್ತದೆ ಅಂದಿದ್ದಾನೆ ಮೆಕ್ಯಾನಿಕ್. ಮಗನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ, ಆಮೇಲೆ ಅಲ್ಲಿಯವರೆಗೆ ಬೆಲೆ ಇಳಿದೀತು ಬಿಡಿ ಅಂದ.

ಮೇಲಿನ ಕೇರಿಯ ಮೂರು ಮನೆಯವರನ್ನು ಸೇರಿಸಿಕೊಂಡು ನಿನ್ನೆ ಹೊಸ ಟಿಸಿಗೆ ಅರ್ಜಿ ಕೊಟ್ಟು ಬಂದೆವು. ಕಾರಣ ಅನ್ನುವ ಜಾಗದಲ್ಲಿ ಕಾರು ಅಂತ ಬರೆಯಲಿಲ್ಲ. ಅಡಿಕೆ ಸುಲಿಯುವ ಯಂತ್ರ ಅಂತ ಬರೆದೆವು.